ಗಟ್ಟಿ ಇದೆಯಾ?

ದರ್ಜಿಗೆ ಬಟ್ಟೆಯ ವಿಷಯದಲ್ಲಿ ಎಷ್ಟು ಹೆದರಿಕೆಯೋ ಗೋಡೆಯ ವಿಷಯದಲ್ಲಿ ಅಷ್ಟೇ ಉಡಾಫೆ. ಕೋಟಿನ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಮೂರು ಸಲ ಅಳೆಯುವ ಮನುಷ್ಯ, ಹೊಸ ಟಿವಿ ಮನೆಗೆ ಬಂದ ಭಾನುವಾರ ಅಳತೆಯೂ ಇಲ್ಲ ಗಿಳತೆಯೂ ಇಲ್ಲ, ಪಕ್ಕದ ಮನೆಯ ಡ್ರಿಲ್ ತಂದು ಶುರುಹಚ್ಚಿಕೊಂಡ. "ಕೆಲಸ ಗೊತ್ತಿರೋರನ್ನ ಕರೀರಿ, ಕೆಳಗಡೆ ಮಗು ಆಡುತ್ತೆ" ಎಂದು ಹೆಂಡತಿ ಬಡಕೊಂಡಳು. "ನಾಲ್ಕು ತೂತು ಕೊರೆಯೋಕೆ ಇನ್ನೊಬ್ಬ ಬೇಕಾ? ಸುಮ್ನಿರೇ" ಎಂದ.

ಕೆಳಗಿನ ಎರಡು ಸ್ಕ್ರೂ ಕಚ್ಚಿಕೊಂಡವು. ಮೇಲಿನ ಎರಡು ಕಚ್ಚಲಿಲ್ಲ. ಅಲ್ಲಿ ಗಾರೆ ಪುಡಿಪುಡಿ, ತಿರುಗಿಸಿದಷ್ಟೂ ತಿರುಗಿದವು. ಆಗಲಾದರೂ ಕೈಬಿಡಬೇಕಿತ್ತು ತಾನೆ? ಬಿಟ್ಟರೆ ಹೆಂಡತಿಯ ಮುಂದೆ ಮಾನ ಹೋಗುತ್ತಲ್ಲ! ತೂತಿಗೆ ಬೆಂಕಿಕಡ್ಡಿ ತುರುಕಿ, ಸ್ಕ್ರೂ ಒತ್ತಿ, ಟಿವಿ ನೇತುಹಾಕಿಬಿಟ್ಟ. ಅವನ ಕಸುಬಿನಲ್ಲಿ ಇದಕ್ಕೆ ಕಚ್ಚಾ ಹೊಲಿಗೆ ಅನ್ನುತ್ತಾರೆ. ಅಳತೆ ನೋಡಿ ಬಿಚ್ಚುವ ತನಕ ಮಾತ್ರ. "ಗಟ್ಟಿ ಇದೆಯಾ?" ಎಂದು ಹೆಂಡತಿ ಕೇಳಿದಳು. "ಕಲ್ಲು ಕಣೇ" ಎಂದ.

ಬುಧವಾರ ಬೆಳಿಗ್ಗೆ ಅಂಗಡಿಗೆ ಹೊರಡುವಾಗ ನೋಡುತ್ತಾನೆ, ಟಿವಿ ಕೆಳಗಿನ ಚಾಪೆಯ ಮೇಲೆ ಬಿಳಿ ಪುಡಿ. ಹೆಂಡತಿ ಆಗಲೇ ಕೆಲಸಕ್ಕೆ ಹೋಗಿದ್ದಳು. ಯಾರಿಗೂ ಕಾಣದ ಹಾಗೆ ಕರವಸ್ತ್ರದಿಂದ ಒರೆಸಿ, ಸಂಜೆ ಬಂದು ನೋಡಿದರಾಯಿತು ಎಂದು ಹೊರಟುಬಿಟ್ಟ.

ಆದರೆ ಮನಸ್ಸಿನೊಳಗಿನ ಅಳುಕು ಬಿಡಬೇಕಲ್ಲ? ಹೊಲಿಗೆ ಮಿಷನ್ನಿನ ಮುಂದೆ ಕುಳಿತರೆ ಸೂಜಿ ಕಾಣಲೊಲ್ಲದು, ಚಾಪೆಯೇ ಕಾಣುತ್ತದೆ. ಹತ್ತು ತಿಂಗಳ ಮಗಳು ತಟ್ಟೆ ಬಡಿಯುತ್ತ ಕೂರುವ ಜಾಗ ಅದೇ. ಅವಳನ್ನು ನೋಡಿಕೊಳ್ಳುವ ಅವನ ಅಮ್ಮನಿಗೆ ಕಿವಿ ಮಂದ. ಒಂದು ಶರ್ಟಿನ ಜೇಬನ್ನು ತಲೆಕೆಳಗಾಗಿ ಹೊಲಿದ, ಬಿಚ್ಚಿ ಮತ್ತೆ ಹಾಗೇ ಹೊಲಿದ. ಬೆವರು ಒರೆಸಿಕೊಂಡರೆ ಕರವಸ್ತ್ರದ ಬಿಳಿ ಪುಡಿಯೆಲ್ಲ ಹಣೆಗೆ ಮೆತ್ತಿತು. ಇನ್ನು ತಡೆಯಲಾಗಲಿಲ್ಲ. ಮನೆಗೆ ಫೋನ್ ಮಾಡಿದ.

"ಅಮ್ಮಾ, ಟಿವಿ ಗಟ್ಟಿ ಇದೆಯಾ?"

"ಗಟ್ಟಿನೇ ಇದೆ ಕಣೋ. ಆಚೆ ಬೀದಿಗೂ ಕೇಳ್ಸುತ್ತೆ."

"ಸದ್ದಲ್ಲಮ್ಮ! ಗೋಡೆ ಮೇಲೆ ಸರಿಯಾಗಿ ಕೂತಿದೆಯಾ?"

"ಕೂತಿದಾಳೆ, ಕೂತಿದಾಳೆ. ಟಿವಿ ಕೆಳಗೇ ಕೂತಿದಾಳೆ. ಸದ್ದು ಜಾಸ್ತಿ ಆಯ್ತಾ? ಈ ರಿಮೋಟ್ ಬೇರೆ ಕಾಣ್ತಿಲ್ಲ. ತಾಳು, ಎದ್ದು ಕೈಯಲ್ಲೇ ಕಮ್ಮಿ ಮಾಡ್ತೀನಿ."

ಅವನು ಧಡಕ್ಕನೆ ಎದ್ದು ನಿಂತ. ಟಿವಿಯ ಗುಂಡಿಗಳಿರುವುದು ಅಡಿಯಲ್ಲಿ; ಒತ್ತಬೇಕಾದರೆ ಅಂಚು ಹಿಡಿದುಕೊಳ್ಳಲೇಬೇಕು.

"ಮುಟ್ಟಬೇಡಮ್ಮ!"

"ಏನು? ಗಟ್ಟಿ ಹೇಳೋ!"

"ನಾನು ಸರಿಯಾಗಿ ಹಾಕಿಲ್ಲ! ಬೆಂಕಿಕಡ್ಡಿ ತುರುಕಿದೀನಿ! ಬೀಳುತ್ತೆ! ಮಗು ಎತ್ಕೋ! ಮಗು ಎತ್ಕೋ!" ಎಂದು ಗಂಟಲು ಹರಿಯುವಂತೆ ಕಿರುಚಿದ. ಅಂಗಡಿಯ ಯಜಮಾನ, ಪಕ್ಕದ ಮಿಷನ್ನಿನವರು, ಕೋಟು ಹಾಕಿ ನೋಡುತ್ತಿದ್ದ ಗಿರಾಕಿ, ಎಲ್ಲರೂ ತಿರುಗಿ ನೋಡಿದರು.

ಆ ಕಡೆಯಿಂದ ಧಡಾರ್ ಎಂದು ಸದ್ದು ಬಂತು. ಆಮೇಲೆ ಟಿವಿಯದೂ ಇಲ್ಲ, ಅಮ್ಮನದೂ ಇಲ್ಲ, ಮಗುವಿನದೂ ಇಲ್ಲ. ಫೋನು ಕಟ್ಟಾಗಿತ್ತು.

ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದ. ಮೂರು ಬೀದಿ ದಾಟಬೇಕು. "ಅಳು ನನ್ನ ಚಿನ್ನ, ಒಂದ್ಸಲ ಅಳು" ಎಂದು ಬೇಡಿಕೊಳ್ಳುತ್ತಲೇ ಓಡಿದ. ಮಗಳು ಅತ್ತರೆ ಸಿಡಿಮಿಡಿಗುಟ್ಟುತ್ತಿದ್ದವನು ಇವನೇ.

ಬಾಗಿಲ ಹತ್ತಿರ ಬಂದಾಗ ಅಳು ಕೇಳಿಸಿತು. ಮಗು ಅಮ್ಮನ ಸೊಂಟದ ಮೇಲಿತ್ತು. ಟಿವಿ ಚಾಪೆಯ ಮೇಲೆ ಬೋರಲು ಬಿದ್ದಿತ್ತು, ತಟ್ಟೆಯ ಅಂಚು ಅದರಡಿಯಿಂದ ಕಾಣುತ್ತಿತ್ತು. "ಮಗು ಎತ್ಕೋ ಅಂದಿದ್ದೊಂದೇ ಕೇಳಿಸ್ತು ಕಣೋ" ಎಂದಳು ಅಮ್ಮ. ಅವನು ಮಗಳನ್ನು ಎದೆಗವಚಿಕೊಂಡು ನೆಲದ ಮೇಲೆ ಕುಸಿದ.

ಸ್ವಲ್ಪ ಹೊತ್ತಿಗೆ ಹೆಂಡತಿ ಏದುಸಿರು ಬಿಡುತ್ತ ಬಂದಳು. ಪಕ್ಕದ ಮನೆಯವರು ಫೋನ್ ಮಾಡಿದ್ದರಂತೆ. ಅಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು.

"ನಂದೇ ತಪ್ಪು ಕಣಮ್ಮ. ಕಿವಿ ಕೇಳಲ್ಲ ಅಂತ ಅಷ್ಟು ಗಟ್ಟಿ ಇಟ್ಟಿದ್ದೆ. ಆ ಸದ್ದಿಗೇ ಅದುರಿ ಬಿತ್ತು. ಇನ್ಮೇಲೆ ನನ್ನ ಕೈಗೆ ಮಗು ಕೊಡಬೇಡ."

ಅಂಗಡಿಯವರಿಗೆಲ್ಲ ಗೊತ್ತಾದದ್ದು ಮನೆಯಲ್ಲಿ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಮುಗಿದೇಹೋಗುತ್ತಿತ್ತು.

"ನಿನ್ನ ತಪ್ಪಲ್ಲಮ್ಮ" ಎಂದ, ಬಾಯೊಳಗೇ.

ಅಮ್ಮ ಕಿವಿಗೆ ಕೈ ಆನಿಸಿಕೊಂಡು ಹತ್ತಿರ ಬಾಗಿದಳು. "ಏನಂದೆ? ಗಟ್ಟಿ ಹೇಳೋ."

ಅವನು ಹೆಂಡತಿಯ ಮುಖ ನೋಡಿದ. ಗಟ್ಟಿಯಾಗಿ ಹೇಳಿದ.