ಪಾದ್ರಿಯನ್ನು ಸೋಲಿಸಿದ ದಿನ

ಬೀಗ ರಿಪೇರಿಯಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ವಾದದಲ್ಲಂತೂ ಹುಟ್ಟುವುದೂ ಇಲ್ಲ. ನಾನು ಬಾಯಿ ತೆರೆದರೆ ತುಕ್ಕು ಹಿಡಿದ ಬೀಗಗಳು ತಾವಾಗಿಯೇ ತೆರೆದುಕೊಳ್ಳುತ್ತಿದ್ದವು. ನಮ್ಮ ಪಾದ್ರಿ ಹನ್ನೆರಡು ವರ್ಷ ನೀತಿಶಾಸ್ತ್ರ ಓದಿದವರು. ಅವರಿಗೆ ನಾನು ಹನ್ನೆರಡು ನಿಮಿಷದಲ್ಲಿ ಮಣ್ಣು ಮುಕ್ಕಿಸಿದೆ.

ಅವತ್ತು ತಂಗಿ ಬಟ್ಟೆಗಂಟು ಹಿಡಿದು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಿದ್ದಳು. ಗಂಡ ಹೊಡೆದ ಕೆನ್ನೆ ಊದಿತ್ತು.

"ಅಣ್ಣ, ನಾನು ವಾಪಸ್ ಹೋಗಲ್ಲ. ನಿನ್ನ ಮನೇಲೇ ಇರ್ತೀನಿ."

ಅಷ್ಟರಲ್ಲಿ ಚರ್ಚಿನ ಬೀಗ ಸರಿಮಾಡಿಸಲು ಪಾದ್ರಿ ಬಂದರು. ಅಂಗಡಿ ಮುಂದೆ ಸಾವಿರ ಜನ ಸೇರಿದರು. ಹೋಗಲಿ, ಎಂಟು ಜನವಂತೂ ಇದ್ದರು.

"ತಂಗಿ ನಿನ್ನ ಮನೇಲೇ ಇರಲಿ ಬಿಡಪ್ಪ," ಅವಳ ಕೆನ್ನೆ ನೋಡಿ ಅಂದರು ಪಾದ್ರಿ. "ಜೀವ ಕಾಪಾಡಿಕೋ ಅನ್ನೋದು ದೇವರು ಮನುಷ್ಯನ ಸ್ವಭಾವದಲ್ಲೇ ಬರೆದ ನಿಯಮ. ಬುದ್ಧಿ ಕೊಟ್ಟಿರೋದು ಅದನ್ನ ಓದೋಕೆ. ಬೇರೆ ಇದ್ದರೂ..."

ನಾನು ಮುಗಿಸಲು ಬಿಡುತ್ತೇನೆಯೇ? "ಅದೇ ಬುದ್ಧಿಯಿಂದ ನೋಡಿ ಫಾದರ್. ದೇವರ ಸೃಷ್ಟಿಯಲ್ಲಿ ಎಲ್ಲಕ್ಕೂ ಒಂದು ಉದ್ದೇಶ. ಬೀಗ ಇರೋದು ಬಾಗಿಲು ಕಾಯೋಕೆ, ಮದುವೆ ಇರೋದು ಕೂಡಿ ಬಾಳೋಕೆ. ಬಿಚ್ಚಿಟ್ಟ ಬೀಗ ಯಾತಕ್ಕೆ ಬಂತು?"

"ಮನೆಗೆ ಬೆಂಕಿ ಬಿದ್ದಾಗಲೂ ಬೀಗ ಹಾಕ್ತೀಯಾ?"

"ಎಲ್ಲಿ ಬೆಂಕಿ? ಒಲೆ ಸ್ವಲ್ಪ ಜೋರಾಗಿದೆ, ಅಷ್ಟೆ!"

ಜನ ಹೊಟ್ಟೆ ಹಿಡಿದು ನಕ್ಕರು. ಪಾದ್ರಿ ತಡವರಿಸಿದರು. ಪಕ್ಕದ ಚಹಾದವನು "ಗೆದ್ದೆ ಕಣಯ್ಯಾ!" ಎಂದು ಗ್ಲಾಸು ಕೈಗಿಟ್ಟ. ಕುಡಿದು ತಿರುಗಿದರೆ ಸ್ಟೂಲು ಖಾಲಿ. ನನ್ನ ವಾದ ಅಷ್ಟು ಗಟ್ಟಿ. ತಂಗಿ ಬಟ್ಟೆಗಂಟು ಎತ್ತಿಕೊಂಡು ಗಂಡನ ಮನೆಗೆ ನಡೆದಿದ್ದಳು.

ಮೂರು ತಿಂಗಳಾದ ಮೇಲೆ ಬಂದಳು. "ಹೇಗಿದ್ದೀಯಮ್ಮಾ?" ಅಂದೆ. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದೆ.

"ಈ ಕಡೆ ಬಂದು ಮಾತಾಡಣ್ಣ. ಆ ಕಿವಿ ಹೋಯ್ತು."

ನಾನು ಎದ್ದು ಅವಳ ಇನ್ನೊಂದು ಬದಿಗೆ ಹೋಗಿ ನಿಂತೆ. ಅವಳೇ ಹೇಳಿದಳು: ಬೆಳಿಗ್ಗೆ ಪಾದ್ರಿಯನ್ನು ಕಂಡಿದ್ದಳಂತೆ, ಚರ್ಚಿನ ಹಿಂದೆ ಒಂದು ಕೋಣೆ ಕೊಟ್ಟಿದ್ದಾರಂತೆ.

"ಅವತ್ತು ಅವರ ಮಾತು ಅರ್ಧಕ್ಕೇ ನಿಂತಿತ್ತಲ್ಲ, ಏನದು ಅಂತ ಕೇಳಿದೆ. ಬೇರೆ ಇದ್ದರೂ ಮದುವೆ ಮುರಿಯಲ್ಲ, ಜೀವ ಉಳಿಯುತ್ತೆ ಅನ್ನೋಕೆ ಹೊರಟಿದ್ದರಂತೆ. ಒಳಗಿಂದ ಹಾಕೋ ಬೀಗ ಒಂದು ಕೊಡು."

ನಾನು ಮಾಡಿದ ಬೀಗಗಳಲ್ಲೇ ಶ್ರೇಷ್ಠವಾದದ್ದನ್ನು ತೆಗೆದೆ. ಆನೆ ಗುದ್ದಿದರೂ ಅಲುಗುವುದಿಲ್ಲ. ಅವಳು ಎರಡೂ ಚಾವಿ ಎತ್ತಿಕೊಂಡಳು.

"ಒಂದು ನನ್ನ ಹತ್ತಿರ ಇರಲಿ," ಅಂದೆ. "ಅದಕ್ಕೆ ಮೂರು ಕಾರಣ..."

ತಂಗಿ ಮೆಲ್ಲಗೆ ಮುಖ ತಿರುಗಿಸಿ, ಹೋದ ಕಿವಿಯನ್ನು ನನ್ನ ಕಡೆಗಿಟ್ಟಳು.