ಕೈಗುಣ

ದೊಡ್ಡವಳು ಎಂಟನೆಯ ವಯಸ್ಸಿನಲ್ಲಿ ಸೋಪಿನ ತುಂಡಿನಲ್ಲಿ ಒಂದು ಮೊಲ ಕೆತ್ತಿದ್ದಳು. ಅವತ್ತಿನಿಂದ ಅಮ್ಮ ಮನೆಗೆ ಬಂದವರಿಗೆಲ್ಲ ಹೇಳುತ್ತ ಬಂದದ್ದು ಒಂದೇ ಮಾತು: "ನಮ್ಮ ದೊಡ್ಡವಳದು ಹುಟ್ಟಾ ಕೈಗುಣ. ಯಾರೂ ಕಲಿಸಿದ್ದಲ್ಲ." ಹೇಳಿ ಮುಗಿಸಿ, ಪಕ್ಕದಲ್ಲಿ ನಿಂತ ಚಿಕ್ಕವಳ ತಲೆ ಸವರಿ, "ಇವಳು ಪಾಪ, ಸ್ವಲ್ಪ ಮೊದ್ದು. ಮನಸ್ಸು ಒಳ್ಳೇದು" ಎಂದು ಸೇರಿಸುತ್ತಿದ್ದಳು.

ಚಿಕ್ಕವಳು ಇದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಹಚ್ಚಿಕೊಂಡವಳು ದೊಡ್ಡವಳೇ. ಕೈಗುಣ ಇದ್ದವಳ ಕೈಯಲ್ಲಿ ಏನೂ ಕೆಡಬಾರದಲ್ಲ? ಹಾಗಾಗಿ ಕೆಡಬಹುದಾದ ಯಾವುದಕ್ಕೂ ಅವಳು ಕೈ ಹಾಕುತ್ತಿರಲಿಲ್ಲ. ಸೈಕಲ್ಲಿನಿಂದ ಒಮ್ಮೆ ಬಿದ್ದವಳು ಮತ್ತೆ ಹತ್ತಲಿಲ್ಲ. "ನನಗಿಷ್ಟ ಇಲ್ಲ" ಎಂದುಬಿಟ್ಟಳು. ಚಿಕ್ಕವಳು ಮೊಣಕಾಲು ತರಚಿಕೊಂಡು, ಬೀದಿಯ ಒಂದೊಂದು ಕಂಬವನ್ನೂ ಮಾತಾಡಿಸಿಕೊಂಡು ಬಂದು, ಮೂರು ತಿಂಗಳಿಗೆ ಕಲಿತಳು.

ಈಗ ಇಬ್ಬರೂ ಹಲ್ಲು ಕಟ್ಟುವ ಕಾರ್ಯಾಗಾರವೊಂದರಲ್ಲಿದ್ದರು. ಹಲ್ಲಿನ ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ; ಅದಕ್ಕೆ ತಕ್ಕ ಹಲ್ಲು ಮಾಡಿಕೊಡುವುದು ಇವರ ಕೆಲಸ. ಎರಡನೆಯ ಮಹಡಿಯಲ್ಲಿ ಎರಡು ಕೋಣೆ. ಎಲ್ಲಿ ಕೈಯಿಟ್ಟರೂ ಬಿಳಿ ಪುಡಿ. ಕಿಟಕಿಯುದ್ದಕ್ಕೂ ಬೆಂಚು, ಅದರ ಮೇಲೆ ಸಾಲಾಗಿ ಯಾರ್ಯಾರದೋ ದವಡೆಗಳು. ದೊಡ್ಡವಳು ಸೇರಿ ಹದಿನಾರು ವರ್ಷವಾಗಿತ್ತು. ಬೊಚ್ಚುಬಾಯಿಗೆ ಮೇಣದಲ್ಲಿ ಹಲ್ಲಿನ ಸಾಲು ಕೂರಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಚಿಕ್ಕವಳು ನಾಲ್ಕು ವರ್ಷದ ಹಿಂದೆ ಅಕ್ಕನ ಶಿಫಾರಸಿನಿಂದಲೇ ಬಂದವಳು. ಬಟ್ಟಲು ತೊಳೆಯುವುದು, ಅಚ್ಚು ಹುಯ್ಯುವುದು, ಸಿದ್ಧವಾದ ಹಲ್ಲಿಗೆ ಹೊಳಪು ಕೊಡುವುದು ಅವಳ ಪಾಲಿಗೆ.

ಒಂದು ದಿನ ಯಜಮಾನರು ಪಿಂಗಾಣಿ ಹಲ್ಲು ಸುಡುವ ಸಣ್ಣ ಕುಲುಮೆ ತಂದರು. ಪಿಂಗಾಣಿಯ ಪುಡಿಯನ್ನು ನೀರಲ್ಲಿ ಕಲಸಿ, ಬ್ರಶ್ಶಿನ ತುದಿಯಲ್ಲಿ ಎತ್ತಿ, ಲೋಹದ ಪುಟ್ಟ ಟೊಪ್ಪಿಗೆಯ ಮೇಲೆ ಪದರ ಪದರವಾಗಿ ಕಟ್ಟಿ, ಸುಟ್ಟು, ಮೆಲ್ಲಗೆ ಆರಿಸಬೇಕು. ಸ್ವಾಭಾವಿಕವಾಗಿಯೇ ಎಲ್ಲರೂ ದೊಡ್ಡವಳ ಕಡೆ ನೋಡಿದರು. ಅವಳು ಒಂದು ಹಲ್ಲು ಕಟ್ಟಿ ಕುಲುಮೆಗಿಟ್ಟಳು. ಹೊರಬಂದದ್ದು ಬಿರುಕುಬಿಟ್ಟ ಸುಣ್ಣದ ಉಂಡೆ. ಯಾರೋ ಪಕ್ಕನೆ ನಕ್ಕರು.

"ನನ್ನ ಕೈ ಮೇಣದ ಕೈ, ಸಾರ್. ಇದಕ್ಕೆ ಬೇರೆ ಥರದ ಕೈ ಬೇಕು," ಎಂದಳು ದೊಡ್ಡವಳು ಗಂಭೀರವಾಗಿ. ಯಜಮಾನರು ಒಪ್ಪಿಕೊಂಡರು. ಅವಳು ಬೆಂಚಿನ ಕೆಳಗೆ ಕೈಗಳನ್ನು ಅದುಮಿ ಹಿಡಿದಿದ್ದು ಯಾರಿಗೂ ಕಾಣಲಿಲ್ಲ.

"ನಾನೊಂದ್ ಸಲ ನೋಡ್ಲಾ ಸಾರ್?" ಎಂದಳು ಚಿಕ್ಕವಳು, ಒದ್ದೆ ಕೈ ಒರೆಸಿಕೊಳ್ಳುತ್ತ. ಈ ಸಲ ಎಲ್ಲರೂ ನಕ್ಕರು, ಅವಳೂ ಸೇರಿ.

ಮೊದಲ ಹಲ್ಲು ಕುಸಿಯಿತು. ಎರಡನೆಯದು ಗುಳ್ಳೆಯೆದ್ದಿತು. ಮೂರನೆಯದನ್ನು ನೋಡಿದ ಯಜಮಾನರು, "ಇದು ಕುದುರೆಗೆ ಆಗ್ಬಹುದು" ಎಂದರು. ಚಿಕ್ಕವಳು ಊಟದ ವಿರಾಮವನ್ನೆಲ್ಲ ಕುಲುಮೆಯ ಮುಂದೆ ಕಳೆಯತೊಡಗಿದಳು. ಕೆಟ್ಟ ಹಲ್ಲುಗಳನ್ನು ಒಂದು ಡಬ್ಬಿಗೆ ಹಾಕಿ, ರೂಲುಗೆರೆಯ ನೋಟ್‌ಬುಕ್ಕಿನಲ್ಲಿ ಏನೇನೋ ಬರೆದುಕೊಳ್ಳುತ್ತಿದ್ದಳು. ಒಂದೊಂದು ಹಲ್ಲು ಕೆಟ್ಟಾಗಲೂ ದೊಡ್ಡವಳಿಗೆ ಹೊಟ್ಟೆ ತಣ್ಣಗಾಗುತ್ತಿತ್ತು. "ಬಿಡೇ, ಯಾಕಿಷ್ಟು ಒದ್ದಾಡ್ತೀಯ? ಎಲ್ಲರಿಗೂ ಎಲ್ಲಾ ಬರಲ್ಲ," ಎನ್ನುವಳು, ದನಿಗೆ ಜೇನು ಸವರಿ.

"ಇನ್ನೊಂದ್ ನಾಕು ಮಾಡಿ ನೋಡ್ತೀನಿ ಅಕ್ಕ," ಎನ್ನುವಳು ಚಿಕ್ಕವಳು. ಆ ನಾಕು ಮುಗಿದ ಮೇಲೆ ಮತ್ತೆ ನಾಕು.

ಮೂವತ್ತು ದಾಟಿದ ಮೇಲೆ ಹಲ್ಲುಗಳು ಹಲ್ಲಿನ ಹಾಗೆ ಕಾಣತೊಡಗಿದವು. ನಲವತ್ತೊಂದನೆಯದನ್ನು ಯಜಮಾನರು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಂಚಿನಲ್ಲಿ ತೆಳ್ಳಗೆ ನೀಲಿ, ಬುಡದಲ್ಲಿ ನಸುಹಳದಿ, ನಡುವೆ ನಿಜವಾದ ಹಲ್ಲಿಗಿರುವಂಥದೇ ಮಂಜು. "ಏನಮ್ಮ, ಇದು ನೀನೇ ಮಾಡಿದ್ದಾ?" ಎಂದರು.

ಅಂದಿನಿಂದ ದೊಡ್ಡವಳಿಗೆ ಅನ್ನ ರುಚಿಸಲಿಲ್ಲ. ಡಾಕ್ಟರುಗಳು ಫೋನು ಮಾಡಿ ಚಿಕ್ಕವಳನ್ನು ಕೇಳಿದರೆ ಇವಳು ಮೇಣ ಕರಗಿಸುವ ದೀಪವನ್ನು ಸುಮ್ಮನೆ ದೊಡ್ಡದು ಮಾಡುವಳು. ಚಿಕ್ಕವಳು ಕೆಲಸ ಮಾಡುತ್ತ ಗುನುಗಿದರೆ, "ತಲೆನೋವು ಕಣೆ, ಸ್ವಲ್ಪ ಸುಮ್ನಿರ್ತೀಯಾ?" ಎನ್ನುವಳು. ಮನೆಯಲ್ಲಿ ಅಮ್ಮ, "ಅಂತೂ ಅಕ್ಕನ ಕೈಗುಣ ತಂಗಿಗೂ ಬಂತು" ಎಂದು ಹಿಗ್ಗಿದಾಗ, ಆ ಹೊಗಳಿಕೆಯಲ್ಲಿ ತನಗೂ ಪಾಲಿದೆಯಲ್ಲ ಎಂದು ಖುಷಿಪಡಲು ನೋಡಿದಳು. ಆಗಲಿಲ್ಲ. ತನಗೆ ಹುಟ್ಟಿನಿಂದ ಬಂದದ್ದನ್ನು ಇವಳು ಡಬ್ಬಿಗಟ್ಟಲೆ ಕೆಡಿಸಿ ಕೆಡಿಸಿ ಸಂಪಾದಿಸುವುದಾದರೆ, ತನ್ನದರಲ್ಲಿ ವಿಶೇಷವೇನು ಉಳಿಯಿತು?

ಅಂಥ ದಿನಗಳಲ್ಲೇ ಶಾಲೆಯ ಟೀಚರೊಬ್ಬರ ಮುಂದಿನ ಹಲ್ಲಿನ ಕೆಲಸ ಬಂತು. ಮಕ್ಕಳ ಜೊತೆ ಓಡುವಾಗ ಬಿದ್ದು ಮುರಿದುಕೊಂಡಿದ್ದರು. ಬಣ್ಣ ಹೊಂದಿಸಲು ಅವರೇ ಮೆಟ್ಟಿಲು ಹತ್ತಿ ಬಂದು, ಬಾಯಿಗೆ ಕರ್ಚೀಫು ಹಿಡಿದು, "ಪಾಠದಲ್ಲಿ 'ಸ' ಬಂದ್ರೆ ಸಾಕು, ಇಡೀ ಕ್ಲಾಸು ಕಿಸಿಕಿಸಿ ಅಂತದೆ" ಎಂದು ಹೇಳಿಕೊಂಡರು. ಶನಿವಾರಕ್ಕೆ ಕೊಡುವುದೆಂದಾಯಿತು. ಚಿಕ್ಕವಳು ಎರಡು ದಿನ ಕೂತು ಕಟ್ಟಿದಳು. ಗುರುವಾರ ಮಧ್ಯಾಹ್ನ ಕೊನೆಯ ಸುಡುವಿಕೆಗೆ ಇಟ್ಟು, "ಅಕ್ಕ, ಸ್ವಲ್ಪ ನೋಡ್ಕೊಂಡಿರು, ಆರಿದ್ಮೇಲೆ ಅದು ತಾನಾಗೇ ಬಾಯಿ ತೆಗೀಬೇಕು" ಎಂದು ಕೈತೊಳೆಯಲು ಹೋದಳು.

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸುಡುವುದು ಮುಗಿದು, ಒಳಗೆ ಇನ್ನೂ ಕೆಂಪಗಿತ್ತು. ದೊಡ್ಡವಳು ಗುಂಡಿ ಒತ್ತಿದಳು. ಕುಲುಮೆ ಬಾಯಿ ತೆರೆಯಿತು. ಫ್ಯಾನಿನ ತಣ್ಣನೆಯ ಗಾಳಿ ಒಳಹೊಕ್ಕಿತು. ಟಿಕ್ ಎಂಬ ಒಂದು ಸಣ್ಣ ಸದ್ದು. ಅವಳು ಮತ್ತೆ ಮುಚ್ಚಿ ತನ್ನ ಜಾಗಕ್ಕೆ ಬಂದು ಕೂತಳು. ಮೇಣದ ಚಾಕು ಕೈಗೆತ್ತಿಕೊಂಡಳು.

ಚಿಕ್ಕವಳು ಹಲ್ಲನ್ನು ಬೆಳಕಿಗೆ ಹಿಡಿದು ಕೂದಲಿನಷ್ಟು ತೆಳ್ಳಗಿನ ಬಿರುಕನ್ನು ಕಂಡಳು. ಮುಖ ಸಪ್ಪಗಾಯಿತು. ದೊಡ್ಡವಳು ಒಂದು ಮಾತಿಗಾಗಿ ಕಾದಳು: 'ನನ್ನ ಕೈಲಾಗಲ್ಲ.' ಆ ಮಾತೊಂದು ಬಂದರೆ ಸಾಕಿತ್ತು. ಎದ್ದು ಹೋಗಿ ತಬ್ಬಿಕೊಂಡು ಸಮಾಧಾನ ಮಾಡುತ್ತಿದ್ದಳು.

"ಎಲ್ಲಿ ತಪ್ಪಿದೆ ನಾನು?" ಎಂದಳು ಚಿಕ್ಕವಳು, ತನ್ನಷ್ಟಕ್ಕೆ. ಆಮೇಲೆ ಕುರ್ಚಿ ಎಳೆದು ಹೊಸದಾಗಿ ಶುರುಮಾಡಿದಳು.

ಶನಿವಾರ ಟೀಚರು ಹೊಸ ಹಲ್ಲು ಕೂರಿಸಿಕೊಂಡು, ಡಾಕ್ಟರ ಫೋನಿನಿಂದಲೇ ಚಿಕ್ಕವಳಿಗೆ "ಸರಸ್ವತಿ, ಸರಸರ, ಸಾಸಿವೆ" ಎಂದು ಹೇಳಿ ತೋರಿಸಿದರು. ಆದರೆ ಚಿಕ್ಕವಳಿಗೆ ಆ ಬಿರುಕು ಬಿಡಲಿಲ್ಲ. ಸೋಮವಾರವೂ ಮಂಗಳವಾರವೂ ಹಳೆಯ ಟೊಪ್ಪಿಗೆಗಳ ಮೇಲೆ ಒಂದಾದ ಮೇಲೊಂದು ಕಟ್ಟಿ ಸುಟ್ಟಳು. ನೀರು ಹೆಚ್ಚು ಮಾಡಿದಳು, ಕಡಿಮೆ ಮಾಡಿದಳು. ಯಾವುದೂ ಬಿರಿಯಲಿಲ್ಲ.

ಬುಧವಾರ ಅವಳು ಡಾಕ್ಟರ ಹತ್ತಿರ ಹೋಗಿದ್ದಾಗ ದೊಡ್ಡವಳು ಆ ನೋಟ್‌ಬುಕ್ಕನ್ನು ತೆರೆದಳು. ನಗಲೆಂದೇ ತೆರೆದಳು ಎನ್ನಬೇಕು. 'ಹದಿನೇಳು – ಬಣ್ಣ ಸತ್ತಿದೆ, ಪುಡಿ ದಪ್ಪ.' 'ಇಪ್ಪತ್ತಾರು – ಅಂಚು ಮೊಂಡು. ಅಕ್ಕ ಮೇಣದಲ್ಲಿ ಮಾಡೋದು ಮತ್ತೆ ನೋಡಬೇಕು.' 'ಮೂವತ್ತೆಂಟು – ಅಕ್ಕ ಹಲ್ಲಿನ ಹೊಟ್ಟೆಯಿಂದ ಶುರು ಮಾಡ್ತಾಳೆ, ಅಂಚಿನಿಂದ ಅಲ್ಲ!' ಕೊನೆಯ ಪುಟದಲ್ಲಿ: 'ಟೀಚರ್ ಹಲ್ಲು. ಬಿರುಕು. ಗೊತ್ತಾಗುತ್ತಿಲ್ಲ. ಗೊತ್ತಾಗುತ್ತಿಲ್ಲ.'

ಚಿಕ್ಕವಳು ಬಂದಾಗ ದೊಡ್ಡವಳು ಪುಸ್ತಕ ಹಿಡಿದೇ ನಿಂತಿದ್ದಳು. "ನಿಂದೇನೂ ತಪ್ಪಿಲ್ಲ. ಬಿಸಿಯಿರೋವಾಗ್ಲೇ ನಾನು ಕುಲುಮೆ ತೆಗ್ದೆ," ಎಂದಳು.

"ಮರ್ತು ಒತ್ತಿಬಿಟ್ಯಾ?"

"ಇಲ್ಲ. ಬೇಕು ಅಂತಾನೇ."

ಚಿಕ್ಕವಳು ಪುಸ್ತಕ ಕಿತ್ತುಕೊಂಡು, ಪೆನ್ನು ತೆಗೆದು, "ಎಷ್ಟು ಹೊತ್ತು ತೆಗೆದಿಟ್ಟಿದ್ದೆ?" ಎಂದಳು.

"ಏನು?"

"ಬಾಗಿಲು ಅಕ್ಕ, ಬಾಗಿಲು. ಎಷ್ಟು ಹೊತ್ತು?"

"ಒಂದ್... ಅರ್ಧ ನಿಮಿಷ."

ಚಿಕ್ಕವಳು ಅದನ್ನು ಬರೆದುಕೊಂಡಳು. ಬರೆಯುತ್ತ ಬರೆಯುತ್ತಲೇ ಕಣ್ಣು ತುಂಬಿ ಬಂತು. "ಇಷ್ಟು ದಿನ ನನ್ನ ಕೈನೇ ಬೈಕೊಂಡಿದೀನಿ. ನೀನು ನೋಡ್ತಾ ಕೂತಿದ್ದೆ," ಎಂದು ಹೊರಗೆ ಹೋದಳು.

ಆಮೇಲೆ ಹತ್ತು ದಿನ ಮಾತಿಲ್ಲ. ಬೆಂಚಿನ ಮೇಲೆ ಅಚ್ಚುಗಳು ಅತ್ತಿಂದಿತ್ತ ಸರಿಯುತ್ತಿದ್ದವು, ಅಷ್ಟೇ. ಯಜಮಾನರಿಗೆ ಚಿಕ್ಕವಳು ಹೇಳಲಿಲ್ಲ. ಹತ್ತನೆಯ ದಿನ ದೊಡ್ಡವಳೇ ಹೇಳಿದಳು. ಅವರು ಕೂಗಾಡಿದರು, ಒಂದು ವಾರ ಬಟ್ಟಲು ತೊಳೆಯಲು ಹಾಕಿದರು. ಅವಳು ತೊಳೆದಳು.

ಹನ್ನೊಂದನೆಯ ದಿನ ಊಟದ ವಿರಾಮದಲ್ಲಿ ಎಲ್ಲರೂ ಹೋದ ಮೇಲೆ ದೊಡ್ಡವಳು ಪಿಂಗಾಣಿಯ ಪುಡಿ ಕಲಸಿ ಕೂತಳು. ಕಟ್ಟಿದ ಪದರ ಜಾರಿ ಜಾರಿ ಬೆರಳಿಗೇ ಅಂಟುತ್ತಿತ್ತು. ಹಿಂದಿನಿಂದ ದನಿ ಬಂತು: "ಪೊರಕೆ ಹಿಡಿದ ಹಾಗೆ ಹಿಡೀಬೇಡ."

ದೊಡ್ಡವಳ ಕಿವಿ ಬಿಸಿಯಾಯಿತು. ಮೊದ್ದು ಎನಿಸಿಕೊಂಡವಳು ತನಗೆ ಬ್ರಶ್ಶು ಹಿಡಿಯಲು ಹೇಳಿಕೊಡುವುದೆ! ಎದ್ದು ಹೋಗಬೇಕೆನಿಸಿತು. ಹೋಗಲಿಲ್ಲ. "ಮತ್ತೆ ಹೇಗ್ ಹಿಡೀಲಿ?" ಎಂದಳು. ಅಷ್ಟು ಹೇಳುವುದಕ್ಕೆ ಅವಳಿಗೆ ಮೂವತ್ತೆಂಟು ವರ್ಷ ಹಿಡಿದಿತ್ತು.

ಅವತ್ತಿನ ಹಲ್ಲು ಕುಂಬಳದ ಬೀಜದ ಹಾಗಿತ್ತು. ಮರುದಿನದ್ದು ಅದಕ್ಕಿಂತ ಕಡೆ. ಕೆಲಸದವರು ನಕ್ಕರು, ನಗುವಿನಲ್ಲಿ ಚಿಕ್ಕವಳದೂ ಇತ್ತು, ಸ್ವಲ್ಪ ಜೋರಾಗಿಯೇ. ದೊಡ್ಡವಳು ಅದನ್ನು ನುಂಗಿಕೊಂಡಳು.

ತಿಂಗಳುಗಳು ಕಳೆದು ಅವಳ ಇಪ್ಪತ್ತೊಂಬತ್ತನೆಯ ಹಲ್ಲು ಡಾಕ್ಟರಿಂದ ವಾಪಸು ಬರಲಿಲ್ಲ; ರೋಗಿಯ ಬಾಯಿಗೆ ಸರಿಯಾಗಿ ಕೂತಿತ್ತು. "ಪರವಾಗಿಲ್ಲ," ಎಂದರು ಯಜಮಾನರು. ಅದೇ ದಿನ ಚಿಕ್ಕವಳ ಆರು ಹಲ್ಲಿನ ಸಾಲೊಂದನ್ನು ನೋಡಲು ಪಕ್ಕದ ಕಾರ್ಯಾಗಾರದವರೂ ಬಂದಿದ್ದರು. ದೊಡ್ಡವಳಿಗೆ ಆ ಹಳೆಯ ಉರಿ ಮತ್ತೆ ಎದ್ದಿತು. ಅದು ಹೋಗಿರಲಿಲ್ಲ, ಹೋಗುವ ಲಕ್ಷಣವೂ ಇರಲಿಲ್ಲ. ಜನ ಕರಗಿದ ಮೇಲೆ ಅವಳು ತನ್ನ ಕುರ್ಚಿಯನ್ನು ತಂಗಿಯ ಪಕ್ಕಕ್ಕೆ, ಕುಲುಮೆಯ ಬದಿಗೆ ಎಳೆದುಕೊಂಡು ಕೂತಳು.

"ಆ ನೀಲಿ ಅಂಚು ಇದೆಯಲ್ಲ, ಅದನ್ನ ಹೇಗೆ ತಂದೆ?"

ಚಿಕ್ಕವಳು ಅವಳ ಮುಖವನ್ನು ಒಂದು ಕ್ಷಣ ಅಳೆದು ನೋಡಿದಳು. "ಹೇಳ್ತೀನಿ. ಆದ್ರೆ ಕುಲುಮೆ ಕಡೆ ನಾನ್ ಕೂತ್ಕೋತೀನಿ. ಏಳು, ಈ ಕಡೆ ಬಾ."

ದೊಡ್ಡವಳು ಎದ್ದು ಜಾಗ ಬದಲಿಸಿ ಕೂತು, ಬ್ರಶ್ಶನ್ನು ನೀರಿಗೆ ಅದ್ದಿದಳು.