ಬೆವರಿಲ್ಲದ ಊರು

ನಮ್ಮ ಮನೆಯವರು ಗಾರೆ ಕೆಲಸದವರು. ಸಂಜೆ ಬಂದ ಕೂಡಲೇ ಅಂಗಿ ಬಿಚ್ಚಿ ನನ್ನ ಕೈಗೆ ಕೊಡುತ್ತಿದ್ದರು, ನಾನು ಬಚ್ಚಲಲ್ಲಿ ನಿಂತು ಹಿಂಡುತ್ತಿದ್ದೆ. ಸಮುದ್ರದ ಪಕ್ಕದ ಊರು ನಮ್ಮದು. ಬೇಸಿಗೆಯಲ್ಲಿ ಸುಮ್ಮನೆ ಕೂತರೂ ಬೆನ್ನಿನ ಮೇಲೆ ನೀರಿಳಿಯುತ್ತದೆ, ಇನ್ನು ಕರಣೆ ಹಿಡಿದು ದಿನವಿಡೀ ಗೋಡೆ ಸವರುವವರ ಪಾಡು ಕೇಳಬೇಕೆ? ಅಂಗಿಯಿಂದ ಧಾರೆ ಇಳಿದರೆ, "ಇವತ್ತು ದುಡಿದಿದ್ದೀರಿ, ಊಟ ಹಾಕಬಹುದು" ಎನ್ನುತ್ತಿದ್ದೆ. ನಾಲ್ಕು ಹನಿ ಬಿದ್ದರೆ, "ಯಾವ ನೆರಳಲ್ಲಿ ಗೊರಕೆ ಹೊಡೀತಿದ್ರಿ?" ಎಂದು ಕೇಳುತ್ತಿದ್ದೆ. ನನ್ನ ಬಾಯಿ ಸ್ವಲ್ಪ ಜೋರು, ಬೀದಿಗೆಲ್ಲ ಗೊತ್ತು. ಅವರು ನಗುತ್ತಿದ್ದರು.

ಆ ನಗು ನಿಂತದ್ದು ಬೆವರುಸಾಲೆ ಎದ್ದಾಗ. ಕುತ್ತಿಗೆ, ಕಂಕುಳು, ಬೆನ್ನು ಎಲ್ಲ ಕೆರೆದು ಕೆರೆದು ಹುಣ್ಣಾಯಿತು. ಅದೇ ಸಮಯಕ್ಕೆ ಮೇಸ್ತ್ರಿ ಬಂದು, ಸಮುದ್ರದಿಂದ ಬಹಳ ದೂರದ ದೊಡ್ಡ ಊರೊಂದರಲ್ಲಿ ಕೆಲಸವಿದೆ ಎಂದ.

"ಬಿಸಿಲು ಜಾಸ್ತಿ ಕಣಪ್ಪಾ. ಆದ್ರೆ ಒಣ ಬಿಸಿಲು, ಮೈಗೆ ಅಂಟಲ್ಲ."

ಇವರು ಅಷ್ಟಕ್ಕೇ ಮರುಳಾದರು.

"ದೂರದ ಬೆಟ್ಟ ನುಣ್ಣಗೆ, ರೀ" ಎಂದೆ.

"ಹತ್ತಿರದ ಬೆನ್ನು ನುಣ್ಣಗಿಲ್ವಲ್ಲೇ, ಏನ್ಮಾಡ್ಲಿ?" ಎಂದು ಚೀಲ ಕಟ್ಟಿದರು.

ಆಮೇಲೆ ಫೋನಿನಲ್ಲಿ ದಿನಾ ಇದೇ ಪುರಾಣ.

"ಎಷ್ಟಿದೆ ಅಲ್ಲಿ?"

"ನಲವತ್ನಾಲ್ಕು. ಅಲ್ಲಿ?"

"ಮೂವತ್ನಾಲ್ಕು."

"ನೋಡು, ಹತ್ತು ಕಮ್ಮಿ ಇದ್ರೂ ನೀನಲ್ಲಿ ಬೇಯ್ತಿದ್ದೀಯ, ಹತ್ತು ಜಾಸ್ತಿ ಇದ್ರೂ ನಾನಿಲ್ಲಿ ಆರಾಮಾಗಿದ್ದೀನಿ. ಬೆಳಗ್ಗೆ ಹಾಕ್ಕೊಂಡ ಅಂಗಿ ಸಂಜೆನೂ ಒಣಗೇ ಇರುತ್ತೆ ಕಣೇ. ಒಂದ್ ಹನಿ ಬೆವರಿಲ್ಲ!"

"ಬೆವರಿಲ್ದೆ ಅದೇನು ಕೆಲಸ ಮಾಡ್ತೀರೋ! ಮೇಸ್ತ್ರಿಗೆ ಗೊತ್ತಾ?"

ಮೂಲೆಯಲ್ಲಿ ಕೂತ ಅತ್ತೆ ಕೂಗುತ್ತಿದ್ದರು, "ನೀರು ಕುಡೀತಾನಾ ಕೇಳೇ!"

"ಬೆವರೇ ಇಲ್ಲ, ನೀರು ಯಾಕಮ್ಮಾ? ನೀರಿಗೆ ಅಂತ ಸಾರುವೆ ಇಳಿದು ಹತ್ತೋ ಹೊತ್ತಿಗೆ ಕಲಸಿಟ್ಟ ಗಾರೆ ಕಲ್ಲಾಗುತ್ತೆ. ಇಲ್ಲಿ ಬಾಯಾರಿಕೆ ಗೋಡೆಗೆ. ಬಿರುಕು ಬಿಡಬಾರ್ದು ಅಂತ ಮೂರು ಹೊತ್ತೂ ಪೈಪ್ ಹಿಡಿದು ಕುಡಿಸ್ತೀವಿ" ಎಂದರು. ಗೋಡೆಗಿರುವ ಭಾಗ್ಯ ನಮಗಿಲ್ಲವಲ್ಲ ಎಂದು ನಾವಿಬ್ಬರೂ ನಕ್ಕೆವು. ಅವರ ಬೆನ್ನು ವಾಸಿಯಾಯಿತೆಂದು ಅತ್ತೆ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದರು.

ಬೇಸಿಗೆ ಮುಗಿಯುವ ಮೊದಲೇ ಮೇಸ್ತ್ರಿಯ ಫೋನ್ ಬಂತು. "ತಂಗೀ, ಗಾಬರಿ ಆಗ್ಬೇಡ" ಎಂದು ಶುರುಮಾಡಿದ. ಹಾಗೆ ಶುರುವಾದ ಮಾತಿಗೆ ಗಾಬರಿಯಾಗದವರು ಯಾರು? ಸಾರುವೆಯ ಮೇಲೆಯೇ ಕುಸಿದರಂತೆ. ಕೆಲವು ದಿನಗಳಿಂದ ಕಾಲು ಸೆಳೆತವಿತ್ತಂತೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗಿತ್ತಂತೆ. ನನಗೆ ಮಾತ್ರ ಆರಾಮ, ಆರಾಮ ಎಂದಿದ್ದರು ಮಹಾರಾಯರು.

ನಾನು ಆ ಊರಿನಲ್ಲಿ ಬಸ್ಸಿಳಿದಾಗ ನನಗೂ ಬೆವರು ಬರಲಿಲ್ಲ. ಗಾಳಿ ಬಿಸಿಯಾಗಿತ್ತು, ಆದರೂ ಮೈ ಹಗುರಾಯಿತು. ಹಿತವೆನಿಸಿತು, ಸುಳ್ಳೇಕೆ ಹೇಳಲಿ. ಆಸ್ಪತ್ರೆ ಸೇರುವ ಹೊತ್ತಿಗೆ ತುಟಿ ಬಿರಿದು ರಕ್ತ ಬಂದಿತ್ತು.

ನರ್ಸಮ್ಮ ಅವರ ಅಂಗಿಯನ್ನು ಕವರಿನಲ್ಲಿ ಹಾಕಿ ಕೊಟ್ಟಳು. ಒಣಗಿತ್ತು, ನಿಜ. ಬೆನ್ನ ತುಂಬ ಬಿಳಿ ಬಿಳಿ ಉಪ್ಪಿನ ಗೆರೆ, ಬಟ್ಟೆ ಹಪ್ಪಳದಂತೆ ಸೆಟೆದು ನಿಂತಿತ್ತು.

"ಬೆವರು ಬರದೇ ಇರಲ್ಲಮ್ಮಾ. ಇಲ್ಲಿ ಗಾಳಿ ಬಂದಬಂದಂಗೇ ಕುಡಿದುಬಿಡುತ್ತೆ. ಕಣ್ಣಿಗೆ ಕಾಣಲ್ಲ ಅಷ್ಟೇ" ಎಂದಳು.

ಡಾಕ್ಟರು ಇನ್ನೂ ಸ್ಪಷ್ಟವಾಗಿ ಹೇಳಿದರು. ಇಷ್ಟು ದಿನ ನೀರು ಸಾಲದೆ ಎರಡೂ ಕಿಡ್ನಿ ಕೆಟ್ಟಿವೆ, ಇನ್ನು ಬದುಕಿರುವವರೆಗೂ ಡಯಾಲಿಸಿಸ್.

"ಹಂಗಾದ್ರೆ ಈಗ ನೀರು ಕೊಡ್ಲಾ ಸಾರ್? ಎಷ್ಟು ಬೇಕಾದ್ರೂ ಕುಡಿಸ್ತೀನಿ."

"ಬೇಡಮ್ಮಾ. ಈಗ ಕುಡಿದದ್ದು ಹೊರಗೆ ಹೋಗಲ್ಲ. ಒಳಗೇ ನಿಂತು ಎದೆಗೇರುತ್ತೆ, ಉಸಿರು ಕಟ್ಟುತ್ತೆ. ಅಳೆದು ಕೊಡಿ, ಅದರ ಮೇಲೆ ಒಂದು ಗುಟುಕೂ ಬೇಡ."

ಇದೆಂಥ ನ್ಯಾಯ! ಕುಡಿಯಬೇಕಾದಾಗ ಬಾಯಾರಲಿಲ್ಲ, ಬಾಯಾರಿದಾಗ ಕುಡಿಯುವ ಹಾಗಿಲ್ಲ. ಆಸ್ಪತ್ರೆಯ ಮೆಟ್ಟಿಲಲ್ಲಿ ಕೂತು ಗೋಳೋ ಎಂದು ಅತ್ತುಬಿಟ್ಟೆ. ಕಣ್ಣೀರೂ ಕೆನ್ನೆ ದಾಟುವ ಮೊದಲೇ ಆರಿಹೋಯಿತು.

ಈಗ ಅವರು ನಮ್ಮ ಊರಿನಲ್ಲಿ, ನಮ್ಮ ಕೋಣೆಯಲ್ಲಿ, ಫ್ಯಾನಿನ ಕೆಳಗೆ ಕೂತಿರುತ್ತಾರೆ. ಫ್ಯಾನು ಒದ್ದೆ ಗಾಳಿಯನ್ನೇ ತಿರುಗಿಸುತ್ತದೆ. ಆ ಊರು ಕಾಣದಂತೆ ಹೀರಿತು, ಈ ಊರು ಕಣ್ಣೆದುರೇ ಹಿಂಡುತ್ತಿದೆ. ಇನ್ನು ಯಾವ ಊರಿಗೆ ಕರೆದುಕೊಂಡು ಹೋಗಲಿ? ಅವರ ಪಾಲಿನ ನೀರಿಗೆಂದೇ ಒಂದು ಸಣ್ಣ ಲೋಟ ಇಟ್ಟಿದ್ದೇನೆ. ಬಿಂದಿಗೆಯನ್ನು ಪಕ್ಕದ ಮನೆಯಲ್ಲಿ ಬಚ್ಚಿಟ್ಟಿದ್ದೇನೆ. ಅತ್ತೆ ಮಗನ ಮುಂದೆ ನೀರು ಕುಡಿಯುವುದಿಲ್ಲ, ಅಲ್ಲಿಗೇ ಹೋಗಿ ಕುಡಿದು, ಬಾಯಿ ಒರೆಸಿಕೊಂಡು ಬರುತ್ತಾರೆ. ನನಗೆ ಯಾರನ್ನು ಬೈಯಬೇಕೋ ತಿಳಿಯುವುದಿಲ್ಲ. ನನ್ನಂಥವಳಿಗೆ ಬೈಯಲು ಯಾರೂ ಸಿಗದಿರುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ನಿನ್ನೆ ಮಧ್ಯಾಹ್ನ ಗಾಳಿ ಪೂರ್ತಿ ನಿಂತಿತ್ತು. ಅವರ ಅಂದಿನ ನೀರು ಆಗಲೇ ಮುಗಿದಿತ್ತು. ಅಂಗಿ ಬಿಚ್ಚಿ ಮೊದಲಿನ ಹಾಗೆ ನನ್ನ ಕೈಗೆ ಕೊಟ್ಟರು.

"ಹಿಂಡ್ಕೊಂಡು ಬಾರೇ" ಎಂದರು.

ಬಚ್ಚಲಿಗೆ ಹೋದೆ. ಗೋಡೆ ಹಿಡಿದುಕೊಂಡು ಅವರೂ ಹಿಂದೆಯೇ ಬಂದರು. ನಾನು ಹಿಂಡುವಾಗ ಅಂಗಿಯ ಕೆಳಗೆ ಆ ಸಣ್ಣ ಲೋಟ ಹಿಡಿದರು. ಮೊದಲು ಧಾರೆ ಬಂತು, ಆಮೇಲೆ ಹನಿ. ಹಳೆಯ ಅಭ್ಯಾಸ, "ಇವತ್ತು ದುಡಿದಿದ್ದೀರಿ" ಎಂಬ ಮಾತು ಬಾಯಿತನಕ ಬಂದು ಅಲ್ಲೇ ಸತ್ತಿತು.

ಅವರು ಲೋಟವನ್ನು ನನ್ನ ಮುಖದ ಮುಂದೆ ಹಿಡಿದರು.

"ನೋಡು, ಇಷ್ಟು ಹೋಗಿದೆ. ಇಷ್ಟಾದ್ರೂ ನೀರು ಕೊಡೇ."

ನಾನು ಲೋಟ ಕಸಿದುಕೊಂಡು ಬಚ್ಚಲಿಗೆ ಚೆಲ್ಲಿದೆ. ಅದು ಕಂಡಿಯೊಳಗೆ ಇಳಿದು ಹೋಗುವವರೆಗೂ ಅವರು ನೋಡುತ್ತ ನಿಂತರು.